ತಿರಸ್ಕರಿಸಿದ ಅರಣ್ಯಹಕ್ಕು ಅರ್ಜಿಗಳನ್ನು ಗ್ರಾಮಸಭೆಗೆ ವಾಪಸ್ ಕಳಿಸಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಪ್ರತಿ ಚುನಾವಣೆಯಲ್ಲೂ ಹಕ್ಕುಪತ್ರದ ಭರವಸೆ ಕೇಳಿ ಕೇಳಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇವೆ. ತಿರಸ್ಕರಿಸಿದ ಅರಣ್ಯಹಕ್ಕು ಅರ್ಜಿಗಳನ್ನು ಮರುಪರಿಶೀಲನೆಗೆ ಗ್ರಾಮಸಭೆಗೆ ಕಳಿಸುವಂತೆ ಮಾಡಿ. ಬೇಡಿಕೆ ಇದೊಂದೇ.

ರಾಜ್ಯದ ತಲಾ ಆದಾಯ ಏರಿದೆ, ನಿಜ. ಆದರೆ ಮಲೆನಾಡಿನಲ್ಲಿ ಅಭಿವೃದ್ಧಿ ಮನೆ ಹೊಗಬೇಕಾದರೆ ಪಹಣಿ ಬೇಕು. ಪಹಣಿ ಇದ್ದವರಿಗೆ ಸೊಸೈಟಿಯಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಸಾಲ, ಅಡಿಕೆಗೆ ಹವಾಮಾನ ಆಧಾರಿತ ವಿಮೆ, ಕಿಸಾನ್ ಸಮ್ಮಾನ್‌ನ ವರ್ಷಕ್ಕೆ 6,000 ರೂಪಾಯಿ. ಬೇಲಿಯಾಚೆ ಅರಣ್ಯದ ಸರ್ವೆ ನಂಬರಿನಲ್ಲಿ ಅರ್ಧ ಎಕರೆ ತೋಟ ಮಾಡಿದವರಿಗೆ ಇದ್ಯಾವುದೂ ಇಲ್ಲ. ಮಳೆಗಾಲದಲ್ಲಿ ಅಡಿಕೆ ಕಾಯಿ ಉದುರಿಸುವ ಕೊಳೆರೋಗ ಮಾತ್ರ ಇಬ್ಬರ ತೋಟಕ್ಕೂ ಬರುತ್ತದೆ. ಅದಕ್ಕೆ ಹೊಡೆಯುವ 100 ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮುಂಗಾರು ಹಿಡಿಯುವ ಮೊದಲೊಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರ ಕೂಲಿ ಬೇರೆ. ಪಹಣಿ ಇಲ್ಲದವರು ಇದಕ್ಕೆ ದುಡ್ಡು ತರುವುದು ಅಡಿಕೆ ವ್ಯಾಪಾರಿಯ ಮಂಡಿಯಿಂದ, ಅಡಿಕೆ ಅಲ್ಲಿಗೇ ಹಾಕುವ ಕರಾರಿನ ಮೇಲೆ. ಧಾರಣೆ ಏರುವವರೆಗೆ ಮಾಲು ಇಟ್ಟುಕೊಳ್ಳುವ ಹಾಗಿಲ್ಲ. ಎರಡನೇ ಔಷಧಿ ತಪ್ಪಿದರೆ ಫಸಲು ಹೋಗುತ್ತದೆ, ಸಾಲ ಉಳಿಯುತ್ತದೆ. ಬೆಳೆಹಾನಿ ಪರಿಹಾರಕ್ಕೂ ಮತ್ತೆ ಪಹಣಿ!

ಅರಣ್ಯಹಕ್ಕು ಕಾಯ್ದೆಯ ನಿಯಮ ನಿಮಗೆ ಗೊತ್ತೇ ಇದೆ. ಇತರ ಪಾರಂಪರಿಕ ಅರಣ್ಯವಾಸಿಗಳು, ಅಂದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು, 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷದ ವಾಸ ತೋರಿಸಬೇಕು. ಆದರೆ ಇಂಥದೇ ಕಾಗದ ಬೇಕೆಂದು ಹಟ ಹಿಡಿಯುವಂತಿಲ್ಲ ಎನ್ನುತ್ತದೆ ನಿಯಮ 12ಎ. ಹಿರಿಯರ ಹೇಳಿಕೆ, ಹಳೆಯ ಬಾವಿ, ಸ್ಮಶಾನ, ದೇವರ ಬನ ಎಲ್ಲವೂ ನಿಯಮ 13ರಲ್ಲಿ ಸಾಕ್ಷಿಯೇ. ಆದರೂ ಅರ್ಜಿ ತಿರಸ್ಕರಿಸಿ ಜನರ ಕೈಗೆ ಕೊಡುವ ಹಿಂಬರಹ ನೋಡಿ: ಮೊದಲೇ ಅಚ್ಚು ಹಾಕಿಸಿದ ಹಾಳೆ, ಹೆಸರು ಮತ್ತು ಸರ್ವೆ ನಂಬರು ಮಾತ್ರ ಪೆನ್ನಿನಲ್ಲಿ, ಕೆಳಗೆ ‘75 ವರ್ಷದ ದಾಖಲೆ ಇಲ್ಲ’. ಸ್ಥಳ ತನಿಖೆಯ ಮಾತೇ ಇಲ್ಲ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಗೆ ಊರು ಮುಳುಗಿ ಕಾಡಂಚಿಗೆ ಬಂದ ಕುಟುಂಬ ಆ ಕಾಡಂಚಿನ 1930ರ ಕಾಗದ ಎಲ್ಲಿಂದ ತರಬೇಕು ಸ್ವಾಮಿ? ಶರಾವತಿಯ 1,035 ಮೆಗಾವಾಟ್ ವಿದ್ಯುತ್ತಿಗೆ ಮನೆಮಠ ಬಿಟ್ಟವರನ್ನು ಒತ್ತುವರಿದಾರರು ಎನ್ನಲು ಯಾರಿಗೂ ನಾಚಿಕೆಯಾಗುತ್ತಿಲ್ಲವೇ?

ಗ್ರಾಮಸಭೆಯ ಶಿಫಾರಸು ಅಪೂರ್ಣ ಎಂದು ಮೇಲಿನ ಸಮಿತಿಗೆ ಎನಿಸಿದರೆ ಅರ್ಜಿ ಗ್ರಾಮಸಭೆಗೆ ವಾಪಸ್ ಕಳಿಸಬೇಕು, ತಿರಸ್ಕರಿಸಬಾರದು. ತಿರಸ್ಕರಿಸಿದರೆ ಕಾರಣ ವಿವರವಾಗಿ ಬರೆದು ಕೊಡಬೇಕು. ಮೇಲ್ಮನವಿಗೆ 60 ದಿನವಿದೆ. ಕಾರಣವೇ ಇಲ್ಲದ ಹಾಳೆ ಹಿಡಿದು ಏನೆಂದು ಬರೆಯುವುದು?

ಉಪವಿಭಾಗ ಮಟ್ಟದ ಸಮಿತಿಯ ಮುಂದಿನ ಸಭೆಯಲ್ಲೇ ಈ ಅರ್ಜಿಗಳನ್ನು ಗ್ರಾಮಸಭೆಗೆ ಕಳಿಸುವ ನಿರ್ಣಯ ಮಾಡಿಸಿ. ಗ್ರಾಮಸಭೆಯ ಅರಣ್ಯಹಕ್ಕು ಸಮಿತಿ ಜಾಗಕ್ಕೆ ಬಂದು ಅಳೆಯಲಿ, ಹಿರಿಯರ ಹೇಳಿಕೆ ಬರೆದುಕೊಳ್ಳಲಿ. ಅದು ಮುಗಿಯುವವರೆಗೆ ಕಾಯ್ದೆಯ ಕಲಂ 4(5)ರಂತೆ ಯಾರನ್ನೂ ಒಕ್ಕಲೆಬ್ಬಿಸದಂತೆ ನೋಡಿಕೊಳ್ಳಿ.

ಇತಿ,
ಪಹಣಿ ಇಲ್ಲದ ಸಾಗುವಳಿದಾರರ ಪರವಾಗಿ