ನನ್ನ ಒರಿಜಿನಲ್ ಮ್ಯಾನಿಫೋಲ್ಡ್ ವಾಪಸ್ ಕೊಡಿ

ಇವರಿಗೆ,
ಮಾಲೀಕರು,
ಕಾರು ಬಿಡಿಭಾಗಗಳ ಅಂಗಡಿ ಮತ್ತು ವರ್ಕ್‌ಶಾಪ್,
ಕಾಸರಗೋಡು

ವಿಷಯ: ಹೆಡರ್ ಹಾಕಿದ ಮೇಲೆ ಆದ ತೊಂದರೆ, ಹಣ ಮತ್ತು ಹಳೆಯ ಮ್ಯಾನಿಫೋಲ್ಡ್ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಕಳೆದ ಏಪ್ರಿಲ್‌ನಲ್ಲಿ ನನ್ನ 2018ರ ಪೆಟ್ರೋಲ್ ಕಾರು ನಿಮ್ಮಲ್ಲಿಗೆ ತಂದಿದ್ದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಾನೆಟ್ ಒಳಗೆ ಟಿಕ್ ಟಿಕ್ ಸದ್ದು, ಅಷ್ಟೇ. ಎಂಜಿನ್ನಿನ ಹೊಗೆಯನ್ನು ಒಟ್ಟು ಸೇರಿಸಿ ಸೈಲೆನ್ಸರ್ ಕಡೆಗೆ ಕಳಿಸುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ (ಹೊಗೆ ಸೋರದಂತೆ ನಡುವೆ ಇಡುವ ತೆಳು ಹಾಳೆ) ಹೋಗಿದೆ ಎಂದು ನೀವೇ ಹೇಳಿದಿರಿ. ಆಮೇಲೆ, "ಅದಕ್ಕೆ ಯಾಕೆ ಸುಮ್ನೆ ದುಡ್ಡು ಹಾಕ್ತೀರಿ, ಹೆಡರ್ ಹಾಕಿಸಿ, ಪಿಕಪ್ ನೋಡಿ" ಅಂದಿರಿ. ಮ್ಯಾನಿಫೋಲ್ಡ್ ಬದಲಿಗೆ ಹಾಕುವ ಪೈಪುಗಳ ಸೆಟ್ ಈ ಹೆಡರ್. ನಂಬಿದೆ. ಕೂಲಿ ಸೇರಿ 18,500 ರೂಪಾಯಿ ಕೊಟ್ಟೆ.

ಈ ಕಾರು ಎಲ್ಲಿ ಓಡುತ್ತದೆ ಎಂದು ನೀವು ಕೇಳಲೇ ಇಲ್ಲ. ದಿನಾ ಬದಿಯಡ್ಕದಿಂದ ಕುಂಬಳೆ, ಅಲ್ಲಿಂದ ಹೆದ್ದಾರಿಯಲ್ಲಿ ಮಂಗಳೂರು. ಭಾನುವಾರ ಪೆರ್ಲದ ಮೇಲಾಗಿ ಪುತ್ತೂರು. ಎಂಜಿನ್ ಹೆಚ್ಚಾಗಿ ತಿರುಗುವುದು 2000, 2500 ಆರ್‌ಪಿಎಂನಲ್ಲಿ. ಹೆಡರ್‌ನಲ್ಲಿ ನಾಲ್ಕು ಸಿಲಿಂಡರಿಗೂ ಬೇರೆ ಬೇರೆಯಾಗಿ, ಹೆಚ್ಚು ಕಡಿಮೆ ಒಂದೇ ಉದ್ದದ ಪೈಪ್ ಇರುತ್ತದೆ, ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ, ನಿಜ. ಆದರೆ ಅದರ ಲಾಭ ಸಿಗುವುದು ಎಂಜಿನ್ ಜೋರಾಗಿ ತಿರುಗಿದಾಗ. ಅದೂ ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಟ್ಯೂನ್ ಮಾಡಿಸಿದ್ದರೆ. ಅದನ್ನು ನೀವು ಮಾಡಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಮೊದಲು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಚಡಾವಿಗೆ ಈಗ ಎರಡನೇ ಗೇರು ಬೇಕು. ರೇಸ್ ಕಾರಿಗೆ ಹೆಡರ್ ಸರಿ ಇರಬಹುದು. ನನ್ನಂಥವರಿಗೆ ಕಂಪನಿಯ ಮ್ಯಾನಿಫೋಲ್ಡೇ ಸರಿ ಎಂದು ಒಂದು ಮಾತು ಹೇಳಬೇಕಿತ್ತು, ಅಲ್ವಾ?

ಇದಕ್ಕಿಂತ ದೊಡ್ಡ ವಿಷಯ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ನನ್ನ ಕಾರಿನಲ್ಲಿ ಅದು ಮ್ಯಾನಿಫೋಲ್ಡ್‌ಗೇ ಸೇರಿಕೊಂಡಿತ್ತು. ಮ್ಯಾನಿಫೋಲ್ಡ್ ಬಿಚ್ಚಿದಾಗ ಅದೂ ಹೋಯಿತು. ವಾರದೊಳಗೆ ಚೆಕ್ ಎಂಜಿನ್ ಲೈಟ್ ಬಂತು. ಸ್ಕ್ಯಾನರ್‌ನಲ್ಲಿ ಪಿ0420, ಅಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಕೋಡ್. ಹೊಗೆ ಪರೀಕ್ಷೆಯಲ್ಲಿ ಕಾರು ಫೇಲ್. ಬಿಎಸ್4 ಹೊಗೆ ನಿಯಮದ, ಅಂದರೆ ನನ್ನದರಂಥ, ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 0.3. ನನ್ನ ಚೀಟಿಯಲ್ಲಿ 0.9 ಇದೆ. ನಿಮಗೆ ಫೋನ್ ಮಾಡಿದರೆ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸೆನ್ಸರ್‌ಗೆ ಅದನ್ನು ಹೊಗೆಯಿಂದ ದೂರ ಇಡುವ ಒಂದು ಬುಷ್ ಹಾಕಿ ಲೈಟ್ ಆರಿಸಿ ಕೊಡುತ್ತೇವೆ ಅಂದಿರಿ. ಲೈಟ್ ಆರಿದರೆ ಹೊಗೆ ಕಡಿಮೆ ಆಗುತ್ತದೆಯೇ? ಮೋಟಾರು ವಾಹನ ಕಾಯ್ದೆಯ 182ಎ(4) ಕಲಂ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಬೀಳುವುದು ಗಾಡಿಯ ಮಾಲೀಕನಿಗೆ. ಜೈಲಿಗೂ ಅವಕಾಶ ಇದೆ.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪೈಪ್ ತುಕ್ಕು ಹಿಡಿಯಿತು. ಮೊನ್ನೆ ಟಾರ್ಚ್ ಹಾಕಿ ನೋಡಿದೆ. ಎರಡನೇ ಪೈಪ್ ಎಂಜಿನ್ನಿಗೆ ಬೋಲ್ಟ್ ಮಾಡುವ ತಟ್ಟೆಗೆ, ಅಂದರೆ ಫ್ಲ್ಯಾಂಜ್‌ಗೆ ಸೇರುವಲ್ಲಿ, ವೆಲ್ಡಿಂಗ್ ಅಂಚಿನಲ್ಲೇ, ಕೂದಲೆಳೆಯಷ್ಟು ಬಿರುಕು. ಸುತ್ತ ಅಂಗೈಯಗಲ ಮಸಿ. ಅಲ್ಲಿಂದ ಗಾಳಿ ಎಳೆದುಕೊಂಡು ಮುಂದಿನ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ, ಎಂಜಿನ್ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ. ಮೈಲೇಜ್ ಬಿದ್ದದ್ದು ಹೀಗೆ. ಕುಂಬಳೆಯ ಟ್ರಾಫಿಕ್‌ನಲ್ಲಿ ನಿಂತಾಗ ಕಾರಿನೊಳಗೆ ಹೊಗೆಯ ವಾಸನೆ. ಹಿಂದಿನ ಸೀಟಿನಲ್ಲಿದ್ದ ಮಗಳು ಎರಡು ಸಲ ತಲೆನೋವು ಎಂದಳು. ಅವತ್ತಿನಿಂದ ಅವಳನ್ನು ಬಸ್ಸಿನಲ್ಲೇ ಕಳಿಸುತ್ತಿದ್ದೇನೆ.

ಹಳೆಯ ಮ್ಯಾನಿಫೋಲ್ಡ್ ಕೇಳಿದರೆ, ಗುಜರಿಗೆ ಹೋಯಿತು, ಬಿಲ್ಲಿನಲ್ಲಿ ಬರೆದಿದೆ ಅಂದಿರಿ. ಆ ಸಾಲು ಕೆಳಗೆ ಮಲಯಾಳದಲ್ಲಿ ಇತ್ತು. ನನಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸಹಿ ಹಾಕಿಸಿಕೊಳ್ಳುವಾಗ ನೀವು ಓದಿ ಹೇಳಲಿಲ್ಲ. ಕನ್ವರ್ಟರ್ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ. ಅದು ನನ್ನ ಸ್ವತ್ತು. ಗುಜರಿ ಎಂದು ಬಿಟ್ಟುಕೊಡಲು ನಾನು ತಯಾರಿಲ್ಲ.

ನನ್ನ ಮ್ಯಾನಿಫೋಲ್ಡ್ ಕನ್ವರ್ಟರ್ ಸಮೇತ ತಂದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿ ಕೊಡಿ. ಅದು ಸಿಗದಿದ್ದರೆ ಕಂಪನಿಯ ಹೊಸದನ್ನು ನಿಮ್ಮ ಖರ್ಚಿನಲ್ಲಿ ಹಾಕಿ. ಹೆಡರ್ ನೀವೇ ಇಟ್ಟುಕೊಂಡು 18,500 ರೂಪಾಯಿ ವಾಪಸ್ ಕೊಡಿ. 15 ದಿನ ಕಾಯುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ನಿಮ್ಮ ಉತ್ತರ ಕನ್ನಡದಲ್ಲೇ ಇರಲಿ.

ಬಿಲ್ಲು, ಹೊಗೆ ಪರೀಕ್ಷೆಯ ಚೀಟಿ ಮತ್ತು ಬಿರುಕಿನ ಫೋಟೋದ ಪ್ರತಿ ಜೊತೆಗಿದೆ.

ಇತಿ,
ನಿಮ್ಮ ಗ್ರಾಹಕ,
ಬದಿಯಡ್ಕ