169.254 ಅಂದರೆ

ಪುಟ್ಟಿ,

ಪಿಜಿ ವೈಫೈಯಲ್ಲಿ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಬರ್ತಿಲ್ಲ ಅಂತ ನಿನ್ನೆ ಫೋನಿನಲ್ಲಿ ನೀನು ಸಿಟ್ಟಿನಲ್ಲಿದ್ದೆ, ಅದಕ್ಕೇ ನಾನು ಜಾಸ್ತಿ ಹೇಳಲಿಲ್ಲ. ನೀನು ಕಳಿಸಿದ ಫೋಟೋದಲ್ಲಿ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನಲ್ಲಿ ಲ್ಯಾಪ್‌ಟಾಪನ್ನು ಗುರುತಿಸುವ ನಂಬರು, 169.254 ಅಂತ ಶುರುವಾಗಿದೆ ನೋಡು. ಅದನ್ನು ರೂಟರ್ ಕೊಟ್ಟಿಲ್ಲ. ಕೇಳಿ ಕೇಳಿ ಯಾರೂ ಓಗೊಡದಿದ್ದಾಗ ವಿಂಡೋಸ್ ತಾನೇ ಹಾಕಿಕೊಂಡ ನಂಬರು ಅದು. ಅದರಿಂದ ಇಂಟರ್‌ನೆಟ್‌ಗೆ ಹೋಗಲು ಆಗುವುದಿಲ್ಲ. ಇಂಟರ್‌ನೆಟ್ ಕಂಪನಿಯವರಿಗೆ ಸುಮ್ನೆ ಬೈಯಬೇಡ.

ಲ್ಯಾಪ್‌ಟಾಪ್ ವೈಫೈ ಸೇರಿದ ಕೂಡಲೇ, 'ಅಡ್ರೆಸ್ ಕೊಡೋರು ಯಾರಾದ್ರೂ ಇದ್ದೀರಾ?' ಅಂತ ಕೂಗುತ್ತದೆ. ರೂಟರ್ 'ಇದು ತಗೋತೀಯಾ?' ಅನ್ನುತ್ತದೆ. 'ಹೂಂ, ಕೊಡು.' 'ಸರಿ, ಇಷ್ಟು ಹೊತ್ತು ನಿನ್ನದು.' ಡಿಎಚ್‌ಸಿಪಿ ಅಂದರೆ ಈ ನಾಲ್ಕು ಮಾತು, ಅಷ್ಟೇ. ಸಿಗುವ ಅಡ್ರೆಸ್ಸೂ ಬಾಡಿಗೆಯದ್ದೇ.

ನಮ್ಮ ಲ್ಯಾಬಿನಲ್ಲಿ ಒಮ್ಮೆ ಉಲ್ಟಾ ಆಗಿತ್ತು. ಒಬ್ಬ ಹುಡುಗ ಮನೆಯ ರೂಟರ್ ತಂದು ಮೇಜಿನ ಕೆಳಗೆ ಸಿಕ್ಕಿಸಿದ್ದ. ಅದೂ ಅಡ್ರೆಸ್ ಹಂಚುತ್ತಾ ಕೂತಿತ್ತು! ಅರ್ಧ ಕಂಪ್ಯೂಟರುಗಳಿಗೆ ಬೇರೆಯೇ ನಂಬರು. ಕಂಡುಹಿಡಿಯಲು ನನಗೆ ಎರಡು ದಿನ ಬೇಕಾಯಿತು.

ಮೊದಲು ನಿನ್ನ ಮೊಬೈಲ್ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಜೋಡಿಸು. ಅಲ್ಲಿ ಅಡ್ರೆಸ್ ಸಿಕ್ಕರೆ ಲ್ಯಾಪ್‌ಟಾಪ್ ಕೆಟ್ಟಿಲ್ಲ, ಫಾರ್ಮ್ಯಾಟ್ ಮಾಡಿಸಲು ಹೋಗಬೇಡ. ಆಮೇಲೆ ಪಿಜಿ ವೈಫೈಗೆ ಬಂದು ಕಮಾಂಡ್ ಪ್ರಾಂಪ್ಟಿನಲ್ಲಿ (ವಿಂಡೋಸ್‌ನಲ್ಲಿ ಆಜ್ಞೆ ಟೈಪ್ ಮಾಡುವ ಕಿಟಕಿ) ipconfig /release, ನಂತರ ipconfig /renew ಕೊಡು. ಎರಡರಲ್ಲೂ ಸ್ಲ್ಯಾಶ್ ಮರೀಬೇಡ.

ನನಗೆ ಅನುಮಾನ ಬೇರೆ ಕಡೆಗಿದೆ. ಮಧ್ಯಾಹ್ನ ಸರಿ ಇರುತ್ತೆ, ರಾತ್ರಿ ಎಂಟರ ಮೇಲೆ ಹೀಗೆ ಅಂದೆಯಲ್ಲ? ಪಿಜಿಯಲ್ಲಿ ಮೂವತ್ತು ಜನ. ತಲೆಗೊಂದು ಫೋನು, ಒಂದು ಲ್ಯಾಪ್‌ಟಾಪು, ಅಲ್ಲಿಗೇ ಅರವತ್ತು. ರೂಟರಿನಲ್ಲಿ ಹಂಚುವ ಅಡ್ರೆಸ್ಸಿನ ಕೊನೆಯ ಭಾಗ 100ರಿಂದ 149ರವರೆಗೆ ಅಂತ ಇಟ್ಟಿದ್ದರೆ ಇರುವುದೇ ಐವತ್ತು ಅಡ್ರೆಸ್. ಎಲ್ಲರೂ ಆಫೀಸಿನಿಂದ ಬಂದ ಮೇಲೆ ನಿನ್ನ ಲ್ಯಾಪ್‌ಟಾಪಿಗೆ ಎಲ್ಲಿ ಉಳಿಯುತ್ತದೆ? ನಿನ್ನ ಫೋನ್ ಮೊದಲೇ ಜಾಗ ಹಿಡಿದಿರುತ್ತದೆ, ಅದಕ್ಕೇ ಅದು ನಡೆಯುತ್ತದೆ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಆ ಹೊತ್ತಿಗೆ ಸರಿಹೋಗಬಹುದು, ಮಾರನೇ ರಾತ್ರಿ ಮತ್ತೆ ಅದೇ ಕಥೆ.

ರೂಮ್‌ಮೇಟ್ ಹೇಳಿದಳು ಅಂತ ಕೈಯಿಂದ ಯಾವುದೋ ನಂಬರು ತುಂಬಬೇಡ ಕಣೇ. ಅದೇ ನಂಬರು ಇನ್ನೊಬ್ಬರ ಹತ್ತಿರ ಇದ್ದರೆ ಇಬ್ಬರಿಗೂ ತೊಂದರೆ.

ಪಿಜಿ ಆಂಟಿಗೆ ಮೆತ್ತಗೆ ಹೇಳು: ರೂಟರ್ ಸೆಟ್ಟಿಂಗಿನಲ್ಲಿ ಆ 149 ಇರುವ ಕಡೆ 250 ಮಾಡಿದರೆ ಸಾಕು, ದುಡ್ಡೇನೂ ಖರ್ಚಿಲ್ಲ. ಅವರಿಗೆ ಗೊತ್ತಾಗದಿದ್ದರೆ ಭಾನುವಾರ ಫೋನ್ ಕೊಡು, ನಾನೇ ಮಾತಾಡುತ್ತೇನೆ.

ನಿನ್ನ,
ಅಮ್ಮ