ಮುಷ್ಟಿ, ಹಿಮ್ಮಡಿ, ಟೈಲ್ಸಿನ ಗೆರೆ

ಪ್ರಿಯ ಗೆಳೆಯಾ,

ಮಗಳನ್ನು ಡೊಂಬಿವಲಿಯಲ್ಲೇ ಶೋಟೊಕಾನ್ ಶೈಲಿಯ ಕರಾಟೆಗೆ ಸೇರಿಸಿದ್ದು ಒಳ್ಳೆಯದಾಯಿತು. ‘ಸರ್ ಬರೀ ನಿಲ್ಲೋದು, ಮುಷ್ಟಿ ಕಟ್ಟೋದು ಇಷ್ಟೇ ಹೇಳ್ಕೊಡ್ತಾರೆ, ಇವಳಿಗೆ ಬೇಜಾರು’ ಅಂತ ಬರೆದಿದ್ದೀಯ. ಹಾಗಿದ್ದರೆ ದಯವಿಟ್ಟು ಕ್ಲಾಸು ಬದಲಿಸಬೇಡ. ಕಲಿತಿರಲಿ ಬಿಡಲಿ, ಬೆಲ್ಟಿನ ಬಣ್ಣ ಬದಲಿಸಿ ಫೀಸು ಎಣಿಸಿಕೊಳ್ಳುವವರು ಠಾಣೆಯಿಂದ ಕಲ್ಯಾಣದವರೆಗೆ ಬೇಕಾದಷ್ಟು ಜನ ಸಿಗುತ್ತಾರೆ. ಮಗುವಿನ ಹೆಬ್ಬೆರಳು ಎಲ್ಲಿದೆ ಅಂತ ನೋಡುವವರು ಸಿಗುವುದು ಕಷ್ಟ.

ಆ ಹೆಬ್ಬೆರಳಿಂದಲೇ ಶುರುಮಾಡು. ಕಿರುಬೆರಳಿನಿಂದ ಒಂದೊಂದಾಗಿ ಮಡಚಿ, ತುದಿಗಳನ್ನು ಅಂಗೈಗೆ ಒತ್ತಿ, ಕೊನೆಗೆ ಹೆಬ್ಬೆರಳನ್ನು ತೋರುಬೆರಳು, ಮಧ್ಯದ ಬೆರಳಿನ ಮೇಲೆ ಅಡ್ಡ ಬಿಗಿಯಬೇಕು. ಒಳಗೆ ಸೇರಿಸಿದರೆ ಗುದ್ದಿದಾಗ ಮುರಿಯುವುದು ಅದೇ. ಹೊರಗೆ ಚಾಚಿದರೆ ಎದುರಿನವರ ತೋಳಿಗೆ ಸಿಕ್ಕಿ ಉಳುಕುತ್ತದೆ. ತಗಲಬೇಕಾದ್ದು ಮೊದಲ ಎರಡು ಗೆಣ್ಣು ಮಾತ್ರ. ಅವಳ ಕಂಪಾಸ್ ಬಾಕ್ಸಿನ ಸ್ಕೇಲನ್ನು ಮುಂಗೈಯಿಂದ ಮುಷ್ಟಿಯ ಹಿಂಬದಿಯವರೆಗೆ ಇಟ್ಟು ನೋಡು. ನಡುವೆ ಸಂದು ಬಿದ್ದರೆ ಮಣಿಕಟ್ಟು ಬಾಗಿದೆ ಅಂತ.

ನಿಲ್ಲುವುದು, ಅಂದರೆ ಮುಂದಿನ ಮೊಣಕಾಲು ಬಾಗಿಸಿ ಹಿಂದಿನ ಕಾಲು ನೇರ ಚಾಚುವ ಝೆನ್‌ಕುತ್ಸು ದಾಚಿ ಭಂಗಿ, ಇದಕ್ಕಿಂತ ಕಷ್ಟ. ಪಾದಗಳ ನಡುವಿನ ಅಗಲ ಭುಜದಷ್ಟು, ಉದ್ದ ಸುಮಾರು ಅದರ ಎರಡರಷ್ಟು. ನಿಮ್ಮ ಹಾಲಿನಲ್ಲಿ ಎರಡಡಿಯ ಟೈಲ್ಸ್ ತಾನೇ? ಅವಳ ಭುಜದ ಅಗಲ ಒಂದಡಿ ಇದ್ದರೆ ಒಂದು ಟೈಲ್ ಉದ್ದ, ಅರ್ಧ ಟೈಲ್ ಅಗಲ. ಸೀಮೆಸುಣ್ಣದಲ್ಲಿ ಗುರುತು ಹಾಕಿಬಿಡು. ಮುಂದಿನ ಕಾಲಿನ ಮೇಲೆ ಸುಮಾರು ಶೇಕಡಾ 60ರಷ್ಟು ಭಾರ. ಮಕ್ಕಳು ತಪ್ಪುವುದು ಎರಡು ಕಡೆ. ಹಿಂದಿನ ಹಿಮ್ಮಡಿ ಏಳುತ್ತದೆ, ಆಗ ನೆಲದಿಂದ ಬರಬೇಕಾದ ಬಲ ಅಲ್ಲೇ ಸೋರಿಹೋಗುತ್ತದೆ. ಮುಂದಿನ ಮೊಣಕಾಲು ಒಳಕ್ಕೆ ವಾಲುತ್ತದೆ, ಇದನ್ನು ಬಿಟ್ಟರೆ ಮುಂದೆ ಮೊಣಕಾಲು ನೋವು. ಮೊಣಕಾಲು ಯಾವಾಗಲೂ ಪಾದದ ದಿಕ್ಕಿಗೇ ನೋಡಬೇಕು.

ಕತಾ ಅಂದರೆ ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಹೆಜ್ಜೆ, ಹೊಡೆತ, ತಡೆಗಳ ಸರಣಿ. ಶುರುವಿನಲ್ಲಿ ಕಲಿಸುವ ಹೈಯಾನ್ ಶೋದಾನ್ ಕತಾದಲ್ಲಿ ಇರುವುದು 21 ಹೆಜ್ಜೆ. ಹುಡುಗರು ಒಂದೇ ವಾರದಲ್ಲಿ ಬಾಯಿಪಾಠ ಮಾಡಿಬಿಡುತ್ತಾರೆ, ಅಲ್ಲೇ ತೊಂದರೆ. ಮೂರನೇ ಅಗೆ-ಉಕೆ (ತೋಳನ್ನು ಮೇಲೆತ್ತಿ ತಡೆಯುವುದು) ಆದಮೇಲೆ, ‘ಕಿಯಾಯ್’ ಎಂಬ ಜೋರು ಕೂಗು ಹಾಕಿದ ತಕ್ಷಣ, ಎಡಗಡೆಯಿಂದ ಹಿಂದಕ್ಕೆ 270 ಡಿಗ್ರಿ ತಿರುಗುವುದು ಬರುತ್ತದೆ. ಅಲ್ಲಿ ಎಡಗಾಲನ್ನು ಪೂರ್ತಿ ಒಯ್ಯದೆ ಅರ್ಧಕ್ಕೇ ಊರುತ್ತಾರೆ. ಎರಡೂ ಪಾದ ಒಂದೇ ಗೆರೆಯಲ್ಲಿ ಬಂದು ಮೈ ತೂರಾಡುತ್ತದೆ, ಕೆಳಗೆ ಬೀಸಿದ ಕೈಯಲ್ಲಿ ಜೀವವಿರುವುದಿಲ್ಲ. ಕೈಯ ತಪ್ಪು ಅಂದುಕೊಂಡು ಕೈಯನ್ನು ತಿದ್ದಿದರೆ ಏನೂ ಪ್ರಯೋಜನವಿಲ್ಲ. ಕತಾ ಮುಗಿದಾಗ ಶುರುವಾದ ಜಾಗಕ್ಕೇ ಬಂದು ನಿಲ್ಲಬೇಕು. ಒಂದು ಟೈಲ್ ಆಚೆ ನಿಂತಿದ್ದರೆ ನಡುವೆ ಎಲ್ಲೋ ಹೆಜ್ಜೆ ಕಳ್ಳತನವಾಗಿದೆ!

ಬೇಜಾರಿಗೆ ಮದ್ದು ಹೊಸ ಕತಾ ಅಲ್ಲ. ಶೋಟೊಕಾನ್ ಶೈಲಿಯ ಮೂಲಗುರು ಗಿಚಿನ್ ಫುನಾಕೋಶಿ ‘ತೆಕ್ಕಿ’ ಎಂಬ ಮೂರು ಕತಾ ಕಲಿಯುವುದಕ್ಕೇ 10 ವರ್ಷ ತೆಗೆದುಕೊಂಡವರು. ದಿನಕ್ಕೆ ಒಂದೇ ಅಂಶ ಹಿಡಿ. ಇವತ್ತು ಹಿಮ್ಮಡಿ ಅಂದರೆ ಹಿಮ್ಮಡಿ ಮಾತ್ರ. ಕೈ ಎಲ್ಲಿಗಾದರೂ ಹೋಗಲಿ, ನೀನು ತುಟಿ ಬಿಚ್ಚಬೇಡ. ಐದು ತಪ್ಪು ಒಟ್ಟಿಗೆ ಹೇಳಿದರೆ ಅವಳು ಒಂದನ್ನೂ ತಿದ್ದುವುದಿಲ್ಲ, ನಿನ್ನ ಮುಖ ನೋಡಲು ಶುರುಮಾಡುತ್ತಾಳೆ. ನೀನು ಹೇಳುವ ಮೊದಲೇ ತಾನಾಗಿ ಹಿಮ್ಮಡಿ ಊರಿದಳೆಂದರೆ ನಾಳೆ ಮೊಣಕಾಲು. ಶಿಸ್ತು ಬರಲಿ ಅಂತ ತಪ್ಪಿಗೊಂದು ಪುಷ್ ಅಪ್ ಮಾಡಿಸುವುದು ನನಗಂತೂ ಒಪ್ಪಿಗೆಯಿಲ್ಲ. ದಣಿದ ಮಗು ಭುಜ ಎತ್ತಿಕೊಂಡು ಗುದ್ದುತ್ತದೆ, ಕೊನೆಗೆ ಅದೇ ರೂಢಿಯಾಗುತ್ತದೆ.

ಹತ್ತು ನಿಮಿಷ ಸಾಕು. ಈ ಮಳೆಯಲ್ಲಿ ಬಿಲ್ಡಿಂಗಿನ ಟೆರೇಸ್ ಬೇಡ, ಪಾಚಿ ಜಾರುತ್ತದೆ. ಟೀಪಾಯಿ ಸರಿಸಿ ಹಾಲಿನಲ್ಲೇ ಮಾಡಿಸು, ಆದರೆ ಸಾಕ್ಸ್ ಹಾಕಿಕೊಂಡು ತಿರುಗುವುದಕ್ಕೆ ಮಾತ್ರ ಬಿಡಬೇಡ.

ಇಂತಿ ನಿನ್ನ ಗೆಳೆಯ,
ಮಾಟುಂಗಾ, ಮುಂಬೈ